ವೈನ್ ಬಾಟಲಿಯ ಕಾರ್ಕ್ ಬಿರಡೆಗಳ ಮರುಬಳಕೆ: ಬಡಾವಣೆಯ ಮಟ್ಟದಲ್ಲಿ ಮೊದಲಿಂದ ಕೊನೆಯವರೆಗೆ ಮಾಡುವ ಕ್ರಮ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಅದರ ಮೇಲೆ ‘ಕಾರ್ಕ್ ಇಲ್ಲಿ ಹಾಕಿ’ ಎಂದು ಬರೆದು, ನಾಲ್ಕು ತಿಂಗಳಾದ ಮೇಲೆ ಆ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಕಸದ ಗಾಡಿಗೆ ಎತ್ತಿಹಾಕಿದವರು ಒಬ್ಬಿಬ್ಬರಲ್ಲ. ಮೊದಲ ಸಲ ನಾನು ಮಾಡಿದ್ದೂ ಅದನ್ನೇ. ಆಗಸ್ಟ್ ತಿಂಗಳಿನಲ್ಲಿ ಪೆಟ್ಟಿಗೆ ತೆರೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮೇಲಿನ ಪದರ ಚೆನ್ನಾಗಿಯೇ ಇತ್ತು. ಅದರ ಕೆಳಗೆ, ವೈನ್ ತಾಗಿ ಕೆನ್ನೀಲಿಯಾಗಿದ್ದ ತುದಿಗಳ ಮೇಲೆಲ್ಲ ಬೂದುಹಸಿರು ಬೂಷ್ಟು ಅರಳೆಯಂತೆ ಎದ್ದಿತ್ತು. ತಳದಲ್ಲಿ ಪ್ಲಾಸ್ಟಿಕ್ ಬಿರಡೆಗಳು, ತಿರುಪು ಮುಚ್ಚಳಗಳು, ತಂತಿಯ ಸುರುಳಿಗಳು ಒಟ್ಟಾಗಿ ಬಿದ್ದಿದ್ದವು.

ಮತ್ತೆ ಮತ್ತೆ ಇದೇ ಫಲ ಬರುವುದಕ್ಕೆ ಜನರ ಉದಾಸೀನ ಕಾರಣವಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುವುದು ಕಾರಣ. ಪೆಟ್ಟಿಗೆ ಇಡುವುದು ಮೊದಲ ಹಂತವಲ್ಲ, ನಾಲ್ಕನೆಯದು. ಅದಕ್ಕೆ ಮುಂಚೆ ಬಿರಡೆಗಳು ಯಾರಿಗೆ ಬೇಕು, ಯಾವ ಜಾತಿಯವು ಬೇಕು, ಎಲ್ಲಿಂದ ಎಷ್ಟು ಬರುತ್ತವೆ ಎಂಬ ಮೂರು ಸಂಗತಿಗಳು ಇತ್ಯರ್ಥವಾಗಿರಬೇಕು.

ಈ ಬರಹದಲ್ಲಿ ‘ಬಿರಡೆ’ ಎಂದರೆ ಬಾಟಲಿಯ ಬಾಯಿಗೆ ಗಿಡಿದ ಯಾವುದೇ ವಸ್ತು. ‘ಕಾರ್ಕ್’ ಎಂದರೆ ಕಾರ್ಕ್ ಓಕ್ ಮರದ ತೊಗಟೆಯಿಂದ ಮಾಡಿದ್ದು ಮಾತ್ರ. ಈ ಎರಡನ್ನು ಒಂದೇ ಎಂದುಕೊಂಡಲ್ಲಿಂದಲೇ ಅರ್ಧ ತೊಂದರೆ ಶುರುವಾಗುತ್ತದೆ. ಉದಾಹರಣೆಗಳು ಬೆಂಗಳೂರಿನವು, ಆದರೆ ಮೈಸೂರಾಗಲಿ ಮಂಗಳೂರಾಗಲಿ ಕ್ರಮ ಬದಲಾಗುವುದಿಲ್ಲ, ಒಣಗಿಸುವ ದಿನಗಳ ಲೆಕ್ಕ ಮಾತ್ರ ಬದಲಾಗುತ್ತದೆ.

ಬೇಕಾಗುವ ಸಾಮಗ್ರಿ

ಹರಿತವಾದ ಸಣ್ಣ ಚಾಕು ಅಥವಾ ಕಟರ್, ಒಂದು ಇಕ್ಕಳ, ಅಡಿಗೆಮನೆಯ ತಕ್ಕಡಿ, ಅಳತೆ ಪಟ್ಟಿ, ಎರಡು ಹಳೆಯ ಮೊರ ಅಥವಾ ಜಾಳಿಗೆಯ ತಟ್ಟೆ, ಈರುಳ್ಳಿ ತುಂಬಿ ಬರುವ ನೆಟ್ ಚೀಲಗಳು, ಮೂಗು ಮುಚ್ಚುವ ಮಾಸ್ಕ್, ರಬ್ಬರ್ ಕೈಗವಸು ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ಬಿರಡೆಗಳನ್ನು ಹಬೆಯಲ್ಲಿ ಮೆತ್ತಗಾಗಿಸಬೇಕೆಂದಿದ್ದರೆ, ಇನ್ನು ಅಡಿಗೆಗೆ ಬಳಸದ ಒಂದು ಇಡ್ಲಿ ಪಾತ್ರೆಯನ್ನು ಅದಕ್ಕೆಂದೇ ತೆಗೆದಿಡಿ. ಪಾಲಿಥೀನ್ ಚೀಲ ಈ ಕೆಲಸದ ಯಾವ ಹಂತಕ್ಕೂ ಬೇಡ.

ಹಂತ 1: ಪಡೆಯುವವರನ್ನು ಗೊತ್ತುಮಾಡಿಕೊಳ್ಳುವುದು

ಕಾರ್ಕ್ ಬಿರಡೆಗೆ ಗುಜರಿ ಅಂಗಡಿಯಲ್ಲಿ ಬೆಲೆಯಿಲ್ಲ. ರಟ್ಟು, ಹಾಲಿನ ಕವರು, ಬಾಟಲಿಗಳಿಗೆ ಇರುವಂತೆ ಇದಕ್ಕೆ ಕೊಳ್ಳುವವರ ಸರಪಳಿ ಇಲ್ಲ. ಆದ್ದರಿಂದ ಒಣ ತ್ಯಾಜ್ಯದ ಚೀಲಕ್ಕೆ ಹಾಕಿದ ಬಿರಡೆ ಸಂಗ್ರಹ ಕೇಂದ್ರದವರೆಗೆ ಹೋದರೂ ಅಲ್ಲಿ ಬೇರೆಯಾಗದೆ ಉಳಿಕೆ ಕಸದ ರಾಶಿ ಸೇರುತ್ತದೆ. ಈ ಸರಪಳಿಯನ್ನು ನಿಮ್ಮ ಬಡಾವಣೆಯ ಅಳತೆಯಲ್ಲಿ ನೀವೇ ಕಟ್ಟಬೇಕು.

ಮೂರು ಬಗೆಯ ಪಡೆಯುವವರು ಸಿಗಬಹುದು. ಮೊದಲನೆಯವರು ಹತ್ತಿರದಲ್ಲೇ ನೇರವಾಗಿ ಬಳಸುವವರು: ಸೂಚನಾ ಫಲಕ ಬೇಕಾದ ಗ್ರಂಥಾಲಯ ಅಥವಾ ಶಾಲೆ, ಕರಕುಶಲ ತರಬೇತಿ ಕೊಡುವ ಮಹಿಳಾ ಸಂಘ, ಆರ್ಕಿಡ್ ಬೆಳೆಸುವ ಹವ್ಯಾಸಿಗಳು, ಮರದ ಪೀಠೋಪಕರಣ ರಿಪೇರಿ ಮಾಡುವವರು. ಎರಡನೆಯವರು ಬಿರಡೆಗಳನ್ನು ಪುಡಿಮಾಡಿ ಹರಳು ಮಾಡಿಕೊಳ್ಳಬಲ್ಲ ಘಟಕಗಳು. ಕಾರ್ಕ್ ಹರಳಿನಿಂದ ಹಾಳೆ, ಗ್ಯಾಸ್ಕೆಟ್, ನೆಲಹಾಸು, ಚಪ್ಪಲಿಯ ಅಟ್ಟೆ ತಯಾರಾಗುತ್ತವೆ. ಕೈಗಾರಿಕಾ ಪ್ರದೇಶದಲ್ಲಿ ಕಾರ್ಕ್ ಹಾಳೆ ಕತ್ತರಿಸುವವರಿಂದಲೇ ವಿಚಾರಣೆ ಶುರುಮಾಡಿ. ಅವರಿಗೆ ಬೇಡವಾದರೂ ತಮಗೆ ಹಾಳೆ ಪೂರೈಸುವವರು ಯಾರೆಂದು ಹೇಳಬಲ್ಲರು. ಮೂರನೆಯವರು ಸಂಗ್ರಹ ಕಾರ್ಯಕ್ರಮ ನಡೆಸುವ ಸಂಸ್ಥೆಗಳು. ಇವು ಹೆಚ್ಚಾಗಿ ಹೊರದೇಶಗಳಲ್ಲಿವೆ. ಪೋರ್ಚುಗಲ್‌ನಲ್ಲಿ ಕ್ವೆರ್ಕುಸ್ ಎಂಬ ಪರಿಸರ ಸಂಸ್ಥೆಯ ‘ಗ್ರೀನ್ ಕಾರ್ಕ್’ ಕಾರ್ಯಕ್ರಮ, ಅಮೆರಿಕ ಮತ್ತು ಕೆನಡಾದಲ್ಲಿ ‘ರೀಕಾರ್ಕ್’ ಈ ಕೆಲಸ ಮಾಡಿವೆ. ಅಲ್ಲಿ ನೆಲೆಸಿರುವ ಕನ್ನಡಿಗರು ಹೊಸದಾಗಿ ಏನನ್ನೂ ಕಟ್ಟದೆ, ಹತ್ತಿರದ ಸಂಗ್ರಹ ಸ್ಥಳವನ್ನು ಪತ್ತೆಮಾಡಿ ನೇರವಾಗಿ 2ನೆಯ ಮತ್ತು 6ನೆಯ ಹಂತಗಳನ್ನು ಮಾತ್ರ ಅನುಸರಿಸಿದರೆ ಸಾಕು.

ಯಾರೇ ಆಗಲಿ, ಅವರಿಂದ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ, ವಾಟ್ಸ್ಆಪ್ ಸಂದೇಶವಾದರೂ ಸಾಕು. ಯಾವ ಜಾತಿಯ ಬಿರಡೆ ಬೇಕು? ಒಂದು ಸಲಕ್ಕೆ ಕನಿಷ್ಠ ಎಷ್ಟು? ವೈನಿನ ಕಲೆ ಮತ್ತು ಮುದ್ರಿತ ಅಕ್ಷರ ಇದ್ದರೆ ನಡೆಯುತ್ತದೆಯೇ? ಸಾಗಣೆ ವೆಚ್ಚ ಯಾರದು? ಬೇಡವಾದದ್ದನ್ನು ವಾಪಸು ಕಳಿಸುತ್ತಾರೋ, ಅಲ್ಲೇ ಬಿಸಾಡುತ್ತಾರೋ? ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡಬೇಡಿ. ನೀವು ವಿಂಗಡಿಸದೆ ಕಳಿಸಿದ ಕಸ ಇನ್ನೊಬ್ಬರ ಅಂಗಳದಲ್ಲಿ ಕಸವಾಗಿಯೇ ಉಳಿದರೆ ಅದನ್ನು ಮರುಬಳಕೆ ಎನ್ನಲಾಗದು.

ಶಾಲೆ, ಅಂಗನವಾಡಿಗಳಿಗೆ ಕೊಡುವಾಗ ಒಂದು ಎಚ್ಚರಿಕೆ ಅಗತ್ಯ. ಬಿರಡೆಗಳ ಮೈಮೇಲೆ ಮದ್ಯ ತಯಾರಕರ ಹೆಸರು ಅಚ್ಚಾಗಿರುತ್ತದೆ. ಅದು ಮಕ್ಕಳ ಕಣ್ಣೆದುರು ಇರುವುದು ಬೇಡವೆನ್ನುವ ಪೋಷಕರೂ ಮುಖ್ಯೋಪಾಧ್ಯಾಯರೂ ಇದ್ದಾರೆ. ಅವರ ಮಾತು ನ್ಯಾಯವಾದದ್ದು. ಆದ್ದರಿಂದ ಬಿರಡೆ ಎಲ್ಲಿಂದ ಬಂದದ್ದೆಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಅಕ್ಷರವಿರುವ ಮೈ ಒಳಗೆ ಹೋಗುವಂತೆ ಜೋಡಿಸಿ ಇಲ್ಲವೆ ಮರಳುಕಾಗದದಿಂದ ಉಜ್ಜಿ ಅಳಿಸಿ ಕೊಡಿ.

ಹಂತ 2: ಕಾರ್ಕ್ ಯಾವುದು, ಅಲ್ಲದ್ದು ಯಾವುದು ಎಂದು ಗುರುತಿಸಲು ಕಲಿಯುವುದು

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಸಂಗ್ರಹ ಶುರುವಾಗುವ ಮೊದಲೇ ಕನಿಷ್ಠ ಇಬ್ಬರು ಇದನ್ನು ಕೈಯಾರೆ ಕಲಿತಿರಬೇಕು. ಹತ್ತು ಹದಿನೈದು ಬಿರಡೆಗಳನ್ನು ಕೊಯ್ದು ನೋಡಿದರೆ ಒಂದು ಸಂಜೆಯಲ್ಲಿ ಕಣ್ಣು ಪಳಗುತ್ತದೆ.

ಅಖಂಡ ಕಾರ್ಕ್ ಎಂದರೆ ತೊಗಟೆಯಿಂದ ಒಂದೇ ತುಂಡಾಗಿ ಕೊರೆದು ತೆಗೆದದ್ದು. ಮೈಮೇಲೆ ಕಂದು ಬಣ್ಣದ ಅಡ್ಡ ಗೀರುಗಳು, ಸಣ್ಣ ಗುಳಿಗಳು ಇರುತ್ತವೆ. ತುದಿಯನ್ನು ಬೆಳಕಿಗೆ ಹಿಡಿದರೆ ತೊಗಟೆಯ ವರ್ಷದ ಗೆರೆಗಳು ಕಾಣುತ್ತವೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಸಾಮಾನ್ಯ ಬಿರಡೆಯ ಅಡ್ಡಳತೆ 24 ಮಿ.ಮೀ., ಉದ್ದ 38, 44 ಅಥವಾ 49 ಮಿ.ಮೀ. ಆಸುಪಾಸು, ತೂಕ 3ರಿಂದ 4 ಗ್ರಾಂ. ಎಲ್ಲ ಬಗೆಯ ಮರುಬಳಕೆಗೂ ಒಗ್ಗುವುದು ಇದೊಂದೇ.

ಹರಳು ಕಾರ್ಕ್ ಎಂದರೆ ಕಾರ್ಕ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ನೋಡಲು ಚಿಕ್ಕಿಯಂತೆ, ಒತ್ತಾದ ಚೂರುಗಳು ಮೈತುಂಬ ಕಾಣುತ್ತವೆ. ಕೆಲವದರಲ್ಲಿ ಎರಡೂ ತುದಿಗೆ ಅಖಂಡ ಕಾರ್ಕಿನ ತೆಳುಬಿಲ್ಲೆ ಅಂಟಿಸಿರುತ್ತಾರೆ; ತುದಿಯನ್ನಷ್ಟೇ ನೋಡಿ ಅಖಂಡವೆಂದು ಮೋಸಹೋಗುವುದು ಇಲ್ಲೇ, ಹಾಗಾಗಿ ಯಾವಾಗಲೂ ಪಕ್ಕದ ಮೈಯನ್ನು ನೋಡಬೇಕು. ಶಾಂಪೇನ್ ಬಗೆಯ ನೊರೆವೈನಿನ ಅಣಬೆಯಾಕಾರದ ಬಿರಡೆಯೂ ಈ ಗುಂಪಿಗೇ ಸೇರುತ್ತದೆ. ಹರಳು ಕಾರ್ಕು ಫಲಕಕ್ಕೆ, ಕುರ್ಚಿಯ ಕಾಲಿನ ಬಿಲ್ಲೆಗೆ ಆಗುತ್ತದೆ. ಅದರಲ್ಲಿ ಕೃತಕ ಅಂಟು ಇರುವುದರಿಂದ ಗಿಡಗಳ ಕುಂಡಕ್ಕೆ, ಬಿಸಿ ಪಾತ್ರೆಯ ಅಡಿಗೆ ಬೇಡ.

ಪ್ಲಾಸ್ಟಿಕ್ ಬಿರಡೆ ಬಹುತೇಕ ಪಾಲಿಥೀನ್ ಬಗೆಯ ನೊರೆಯಿಂದ ಮಾಡಿದ್ದು. ಕೆಲವಕ್ಕೆ ಕಾರ್ಕಿನ ಬಣ್ಣ ಕೊಟ್ಟು, ಗೀರುಗಳನ್ನೂ ಅಚ್ಚೊತ್ತಿರುತ್ತಾರೆ. ಚಾಕುವಿನಿಂದ ತುದಿಯಲ್ಲಿ ಒಂದು ಬಿಲ್ಲೆ ಕೊಯ್ಯಿರಿ: ಹೊರಗೆ ನುಣುಪಾದ ಚರ್ಮ, ಒಳಗೆ ಎಲ್ಲೆಡೆ ಒಂದೇ ಸಮನಾದ ಗುಳ್ಳೆಗಳು ಕಂಡರೆ ಅದು ಪ್ಲಾಸ್ಟಿಕ್. ಕಾರ್ಕ್ ಕೊಯ್ದಾಗ ಅಂಚಿನಲ್ಲಿ ಒಣ ಪುಡಿ ಉದುರುತ್ತದೆ. ಪ್ಲಾಸ್ಟಿಕ್ ಕೊಯ್ದಾಗ ಏನೂ ಉದುರುವುದಿಲ್ಲ, ಚಾಕು ಜಾರುತ್ತದೆ. ಇವನ್ನು ಒಣ ತ್ಯಾಜ್ಯದ ಪ್ಲಾಸ್ಟಿಕ್ಕಿನ ಜೊತೆಗೇ ಹಾಕಿ.

ಟೋಪಿ ಬಿರಡೆ, ಅಂದರೆ ವಿಸ್ಕಿ ಬಾಟಲಿಗಳಿಗೆ ಇರುವಂತೆ ಮೇಲೆ ಮರದ ಅಥವಾ ಪ್ಲಾಸ್ಟಿಕ್ಕಿನ ತಲೆ ಇರುವಂಥದ್ದು, ಎರಡು ವಸ್ತುಗಳ ಜೋಡಣೆ. ತಲೆಯನ್ನು ಇಕ್ಕಳದಿಂದ ಹಿಡಿದು ತಿರುಚಿ ಬೇರ್ಪಡಿಸಿದರೆ ಮಾತ್ರ ಕಾರ್ಕಿನ ಭಾಗ ಉಪಯೋಗಕ್ಕೆ ಬರುತ್ತದೆ. ಅಲ್ಯುಮಿನಿಯಮ್ ತಿರುಪು ಮುಚ್ಚಳಕ್ಕೆ ಈ ಕೆಲಸದಲ್ಲಿ ಜಾಗವಿಲ್ಲ. ಅದು ಲೋಹದ ಗುಜರಿಗೆ ಹೋಗಬೇಕು.

ಎರಡು ಸುಳ್ಳು ಪರೀಕ್ಷೆಗಳು ಬಾಯಿಂದ ಬಾಯಿಗೆ ಹರಡಿವೆ. ನೀರಿನಲ್ಲಿ ತೇಲಿದರೆ ಕಾರ್ಕ್ ಎನ್ನುವುದು ಒಂದು. ಪ್ಲಾಸ್ಟಿಕ್ ನೊರೆಯ ಬಿರಡೆಯೂ ಚೆನ್ನಾಗಿ ತೇಲುತ್ತದೆ, ಈ ಪರೀಕ್ಷೆಯಿಂದ ತಿಳಿಯುವುದು ಏನೂ ಇಲ್ಲ; ಮೇಲಾಗಿ ಬಿರಡೆಗಳೆಲ್ಲ ಒದ್ದೆಯಾಗುತ್ತವೆ. ಬೆಂಕಿ ತಾಗಿಸಿ ನೋಡುವುದು ಇನ್ನೊಂದು. ಪ್ಲಾಸ್ಟಿಕ್ ಕರಗಿ ಬೆರಳಿಗೆ ಅಂಟುತ್ತದೆ, ಹೊಗೆ ಕುಡಿಯಬೇಕಾಗುತ್ತದೆ. ಕಣ್ಣು ಮತ್ತು ಚಾಕು ಸಾಕು.

ಹಂತ 3: ಎಲ್ಲಿಂದ ಎಷ್ಟು ಬರುತ್ತದೆ ಎಂದು ಎಣಿಸುವುದು

ನಮ್ಮಲ್ಲಿ ಮಾರಾಟವಾಗುವ ವೈನಿನಲ್ಲಿ ಬಹಳಷ್ಟು ಬಾಟಲಿಗಳಿಗೆ ತಿರುಪು ಮುಚ್ಚಳವಿದೆ. ಆದ್ದರಿಂದ ಇನ್ನೂರು ಮನೆಗಳ ವಸತಿ ಸಮುಚ್ಚಯದಲ್ಲೂ ತಿಂಗಳಿಗೆ ಸಿಗುವ ಕಾರ್ಕ್ ನೀವು ಊಹಿಸಿದ್ದಕ್ಕಿಂತ ಕಡಿಮೆ ಇರಬಹುದು. ಪೆಟ್ಟಿಗೆ ಇಡುವ ಮುನ್ನ ಒಂದು ತಿಂಗಳು, ನಿಮಗೆ ಪರಿಚಯವಿರುವ ಹತ್ತು ಮನೆಗಳಿಂದ ಮಾತ್ರ ಸಂಗ್ರಹಿಸಿ ಎಣಿಸಿ ನೋಡಿ.

ಹೆಚ್ಚು ಸಿಗುವುದು ಹೋಟೆಲು, ಕ್ಲಬ್ಬು, ಮದುವೆ ಔತಣ ನಡೆಸುವವರಿಂದ. ದಿನಕ್ಕೆ ಕಾರ್ಕ್ ಇರುವ 10 ಬಾಟಲಿ ತೆರೆಯುವ ಒಂದು ರೆಸ್ಟೋರೆಂಟ್ ತಿಂಗಳಿಗೆ 300 ಬಿರಡೆ ಕೊಡುತ್ತದೆ. ತೂಕದಲ್ಲಿ ಅದು ಹೆಚ್ಚುಕಡಿಮೆ ಒಂದು ಕೆ.ಜಿ. ಇಲ್ಲಿ ಮ್ಯಾನೇಜರ್ ಒಪ್ಪಿದರೆ ಸಾಲದು, ಬಾಟಲಿ ತೆರೆಯುವ ಕೈ ಒಪ್ಪಬೇಕು. ಸಂಜೆ ಗಿರಾಕಿ ತುಂಬುವ ಮೊದಲು, ನಾಲ್ಕು ಗಂಟೆಯ ಹೊತ್ತಿಗೆ ಹೋಗಿ, ಕೌಂಟರಿನ ಒಳಗೆ ಕೈಗೆಟಕುವ ಜಾಗದಲ್ಲಿ ಬಾಯಿ ತೆರೆದ ಡಬ್ಬಿಯೊಂದನ್ನು ಇಟ್ಟು, ಅದಕ್ಕೆ ಹಾಕುವ ಮುನ್ನ ಸುರುಳಿಯಿಂದ (ಬಿರಡೆ ಕೀಳುವ ಕಾರ್ಕ್‌ಸ್ಕ್ರೂವಿನಿಂದ) ಬಿರಡೆಯನ್ನು ಪೂರ್ತಿ ಬಿಡಿಸಬೇಕೆಂದು ಅಲ್ಲಿನ ಸಿಬ್ಬಂದಿಗೆ ತೋರಿಸಿ ಹೇಳಿ. ವಾರದ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ನೀವು ಹೋಗಿ ತರಲೇಬೇಕು. ಎರಡು ವಾರ ತಪ್ಪಿದರೆ ಡಬ್ಬಿ ಕಸದ ಬುಟ್ಟಿಯಾಗುತ್ತದೆ. ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ.

ಹಂತ 4: ಪೆಟ್ಟಿಗೆ ಇಡುವುದು

ಈಗ ಪೆಟ್ಟಿಗೆ. ಗಾಳಿಯಾಡದ ಪ್ಲಾಸ್ಟಿಕ್ ಡ್ರಮ್ಮು, ಮುಚ್ಚಿದ ರಟ್ಟಿನ ಪೆಟ್ಟಿಗೆ ಎರಡೂ ಬೇಡ. ತರಕಾರಿ ಸಾಗಿಸುವ ತೂತುಗಳುಳ್ಳ ಕ್ರೇಟಿನೊಳಗೆ ನೆಟ್ ಚೀಲವೊಂದನ್ನು ಹರಡಿ, ಮೇಲೆ ಮುಚ್ಚಳವಿಟ್ಟು, ಮುಚ್ಚಳದಲ್ಲಿ ಸುಮಾರು 4 ಸೆಂ.ಮೀ. ಅಗಲದ ದುಂಡು ತೂತು ಮಾಡಿ. ಬಿರಡೆ ಮಾತ್ರ ಹಿಡಿಸುವಷ್ಟು ತೂತು ಇದ್ದರೆ ಬಾಟಲಿ, ಕಾಗದದ ಲೋಟ ಒಳಗೆ ಬೀಳುವುದಿಲ್ಲ. ಅಂಟಿಸುವ ಸೂಚನೆ ಕನ್ನಡದಲ್ಲೂ, ಅಲ್ಲಿನವರು ಓದುವ ಬೇರೆ ಭಾಷೆಯಲ್ಲೂ ಇರಲಿ. ಅದರ ಪಕ್ಕದಲ್ಲಿ ನಿಜವಾದ ಎರಡು ಬಿರಡೆಗಳನ್ನು, ಒಂದು ಕಾರ್ಕ್, ಒಂದು ಪ್ಲಾಸ್ಟಿಕ್, ಉದ್ದಕ್ಕೆ ಸೀಳಿ ಮೊಳೆ ಹೊಡೆದು ತೋರಿಸಿ. ನೂರು ಮಾತಿಗಿಂತ ಈ ಎರಡು ಹೋಳುಗಳು ಹೆಚ್ಚು ಕೆಲಸ ಮಾಡುತ್ತವೆ.

ಜಾಗದ ಆಯ್ಕೆಯಲ್ಲಿ ಎಲ್ಲರೂ ಎಡವುತ್ತಾರೆ. ಎಲ್ಲರ ಕಣ್ಣಿಗೆ ಬೀಳಲಿ ಎಂದು ಲಿಫ್ಟಿನ ಎದುರು ಇಟ್ಟರೆ ಪೆಟ್ಟಿಗೆ ಖಾಲಿ ಉಳಿಯುತ್ತದೆ. ತಮ್ಮ ಮನೆಯಲ್ಲಿ ವೈನ್ ಕುಡಿಯುತ್ತಾರೆಂದು ನೆರೆಯವರಿಗೆ, ಮನೆಯ ಹಿರಿಯರಿಗೆ ತಿಳಿಯುವುದು ಬೇಡವೆನ್ನುವವರು ನಮ್ಮಲ್ಲಿ ಬಹಳ. ಒಣ ತ್ಯಾಜ್ಯ ಇಡುವ ಜಾಗದಲ್ಲೇ, ಗೋಡೆಯ ಬದಿಗೆ ಇಟ್ಟರೆ ಕಸ ಹಾಕಲು ಬಂದವರು ಅದರೊಂದಿಗೆ ಇದನ್ನೂ ಹಾಕಿ ಹೋಗುತ್ತಾರೆ. ಮಳೆಯ ಎರಚಲು ಬೀಳದಿರಲಿ, ನೆಲದಿಂದ ಒಂದು ಇಟ್ಟಿಗೆಯಷ್ಟು ಎತ್ತರದಲ್ಲಿರಲಿ. ಅಲ್ಲಿ ಕೆಲಸ ಮಾಡುವ ಪೌರಕಾರ್ಮಿಕರಿಗೆ ಮೊದಲೇ ವಿಷಯ ತಿಳಿಸಿ. ತಿಳಿಸದಿದ್ದರೆ ಅವರು ಅದನ್ನೂ ಕಸವೆಂದುಕೊಂಡು ಒಯ್ಯುವುದು ಸಹಜ.

ಹಂತ 5: ವಾರಕ್ಕೊಮ್ಮೆ ವಿಂಗಡಿಸುವುದು

ಪೆಟ್ಟಿಗೆ ತುಂಬಲಿ ಎಂದು ಕಾಯಬಾರದು. ತುಂಬಿರಲಿ, ಖಾಲಿ ಇರಲಿ, ಏಳು ದಿನಕ್ಕೊಮ್ಮೆ ಚೀಲ ಎತ್ತಿ ಹಳೆಯ ಪತ್ರಿಕೆಯ ಮೇಲೆ ಸುರಿಯಿರಿ. ಮೊದಲು ಪರವಸ್ತು ತೆಗೆಯಿರಿ: ಬಾಟಲಿಯ ಕುತ್ತಿಗೆಯ ಹಾಳೆ, ಮೇಣ, ತಂತಿ, ಒಳಗೆ ಮುರಿದು ಉಳಿದ ಸುರುಳಿಯ ತುದಿ. ಕೈಗವಸು ಇಲ್ಲದೆ ಈ ಕೆಲಸ ಬೇಡ, ತಂತಿಯ ಮೊನೆ ಉಗುರಿನ ಸಂದಿಗೆ ನುಗ್ಗುತ್ತದೆ. ಯಾರಾದರೂ ಹಳೆಯ ಕಪಾಟು ಖಾಲಿ ಮಾಡಿ 1990ರ ದಶಕದ ಆರಂಭಕ್ಕೂ ಹಿಂದಿನ ಆಮದು ಬಾಟಲಿಯ ಬಿರಡೆ ಕೊಟ್ಟರೆ ಅದನ್ನು ಬೇರೆ ಇಡಿ. ಆ ಕಾಲದ ಕೆಲವು ಬಾಟಲಿಗಳ ಕುತ್ತಿಗೆಯ ಹಾಳೆ ಸೀಸದ್ದಾಗಿತ್ತು, ಅಂಥ ಬಿರಡೆ ಮಕ್ಕಳ ಕೈಗೆ ಹೋಗಬಾರದು.

ಆಮೇಲೆ 2ನೆಯ ಹಂತದಲ್ಲಿ ಹೇಳಿದಂತೆ ಜಾತಿವಾರು ಬೇರ್ಪಡಿಸಿ. ಮುಟ್ಟಿದರೆ ತಣ್ಣಗೆ ಒದ್ದೆ ಅನ್ನಿಸುವುವನ್ನು ಒಣಗಿಸುವ ಮೊರಕ್ಕೂ, ಬೂಷ್ಟು ಹಿಡಿದವನ್ನು ಉಳಿಕೆ ಕಸಕ್ಕೂ ಹಾಕಿ. ಬೂಷ್ಟು ಹಿಡಿದದ್ದನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ಬೂಷ್ಟಿನ ಪುಡಿ ಉಸಿರಿಗೆ ಸೇರಿದರೆ ಅಸ್ತಮಾ ಇರುವವರಿಗೆ ಅಪಾಯ, ಹಾಗಾಗಿ ಮಾಸ್ಕ್ ಧರಿಸಿಯೇ ವಿಂಗಡಿಸಿ. ಬಿರಡೆಗಳ ಸುತ್ತ ಇರುವೆ, ಸಣ್ಣ ನೊಣಗಳು ಕಂಡವೆಂದರೆ ಸಿಹಿ ವೈನಿನ ಅಂಶ ಒಳಗೆ ಉಳಿದಿದೆ ಎಂದರ್ಥ. ಆ ಚೀಲಕ್ಕೆ ವಾರವನ್ನು ಕಾಯದೆ ಅಂದೇ ಗಾಳಿ ಬಿಸಿಲು ಕಾಣಿಸಬೇಕು.

ಹಂತ 6: ಶುಚಿ ಮಾಡುವುದು, ಒಣಗಿಸುವುದು

ಕಾರ್ಕಿನ ಕೋಶಗಳ ಗೋಡೆಗಳು ನೀರನ್ನು ಸುಲಭವಾಗಿ ಒಳಬಿಡುವುದಿಲ್ಲ, ನಿಜ. ಆದರೆ ಸುರುಳಿ ಕೊರೆದ ಕಿಂಡಿಯೊಳಗೆ ವೈನ್ ನಿಂತಿರುತ್ತದೆ; ಹೊರಗೆ ಒಣಗಿದಂತೆ ಕಂಡರೂ ಬೂಷ್ಟು ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಪುಡಿಮಾಡುವ ಘಟಕಕ್ಕೆ ಹೋಗುವ ಬಿರಡೆಯನ್ನು ತೊಳೆಯುವ ಅಗತ್ಯವೇ ಇಲ್ಲ. ಕೈಯಿಂದ ಮುಟ್ಟಿ ಬಳಸುವ ವಸ್ತುಗಳಿಗೆ ಹೋಗುವುದನ್ನು ಮಾತ್ರ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಸಿದುಕೊಳ್ಳಿ. ತೇಲುವುದರಿಂದ ಮೇಲೊಂದು ತಟ್ಟೆ ಮುಚ್ಚಿ ಅದುಮಿ ಹಿಡಿಯಬೇಕು. ನೀರು ಕೆಂಪಾಗುತ್ತದೆ, ಕಲೆ ಪೂರ್ತಿ ಹೋಗುವುದಿಲ್ಲ, ಹೋಗಲೂಬೇಕಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಬ್ಲೀಚಿಂಗ್ ಪುಡಿಯಾಗಲಿ, ಕ್ಲೋರಿನ್ ಇರುವ ಯಾವ ದ್ರಾವಣವಾಗಲಿ ಕಾರ್ಕಿಗೆ ತಾಗಬಾರದು. ಕಾರ್ಕಿನಲ್ಲಿರುವ ಫೀನಾಲ್ ಬಗೆಯ ವಸ್ತುಗಳು ಕ್ಲೋರಿನ್ ಜೊತೆ ಸೇರಿ, ಅದರ ಮೇಲೆ ಬೂಷ್ಟು ಕೆಲಸ ಮಾಡಿದರೆ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ ಹುಟ್ಟುತ್ತದೆ. ವೈನ್ ಕೆಟ್ಟಿದೆ ಎನ್ನಿಸುವ ಆ ಒದ್ದೆ ರಟ್ಟಿನ ವಾಸನೆ ಇದರದ್ದೇ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಬೆಳ್ಳಗಾಗಲಿ ಎಂದು ಬ್ಲೀಚಿನಲ್ಲಿ ನೆನೆಸಿಟ್ಟವರು ಕೊನೆಗೆ ಇಡೀ ರಾಶಿಯನ್ನು ಎಸೆಯಬೇಕಾಗುತ್ತದೆ. ಇದೇ ಕಾರಣಕ್ಕೆ, ಮತ್ತು ಕಿಂಡಿಯೊಳಗೆ ಏನಿದೆಯೆಂದು ಕಾಣದಿರುವುದರಿಂದ, ಬಳಸಿದ ಬಿರಡೆಯನ್ನು ಜೇನುತುಪ್ಪ, ಎಣ್ಣೆ, ಉಪ್ಪಿನಕಾಯಿಯ ಸೀಸೆಗೆ ಮತ್ತೆ ಹಾಕಬೇಡಿ.

ಒಣಗಿಸಲು ಮೊರದ ಮೇಲೆ ಒಂದೇ ಪದರವಾಗಿ ಹರಡಿ, ಕಿಂಡಿಯಿರುವ ತುದಿ ಕೆಳಕ್ಕೆ ಬರುವಂತೆ ನಿಲ್ಲಿಸಿ. ಬೆಂಗಳೂರಿನ ಬೇಸಿಗೆಯಲ್ಲಿ ಮೂರು ದಿನ, ಚಳಿಗಾಲದಲ್ಲಿ ಐದು ದಿನ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಯಾನಿನ ಅಡಿಯಲ್ಲಿ ಹತ್ತು ದಿನವಾದರೂ ಇರಲಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ಸಂಗ್ರಹವನ್ನು ನಿಲ್ಲಿಸಿ, ಬಿರಡೆಗಳನ್ನು ಮನೆಗಳಲ್ಲೇ ಇಟ್ಟುಕೊಳ್ಳಲು ಹೇಳುವುದು ಒಳ್ಳೆಯದು. ಒಣಗಿದೆಯೇ ಎಂದು ತಿಳಿಯುವುದು ಸುಲಭ: ಹತ್ತು ಬಿರಡೆಗಳನ್ನು ಗುರುತು ಹಾಕಿ ಒಟ್ಟಿಗೆ ತೂಗಿ, ಎರಡು ದಿನ ಬಿಟ್ಟು ಮತ್ತೆ ತೂಗಿ. ತೂಕ ಇನ್ನೂ ಇಳಿಯುತ್ತಿದ್ದರೆ ಒಣಗಿಲ್ಲ.

ಹಂತ 7: ಶೇಖರಿಸಿ ಲೆಕ್ಕ ಬರೆಯುವುದು

ಒಣಗಿದ್ದನ್ನು ಜಾತಿವಾರು ನೆಟ್ ಚೀಲಗಳಿಗೆ ತುಂಬಿ, ಚೀಟಿ ಕಟ್ಟಿ, ಗಾಳಿಯಾಡುವ ಕಡೆ ತೂಗುಹಾಕಿ. ಟ್ರಾನ್ಸ್‌ಫಾರ್ಮರ್, ಮೀಟರ್ ಬೋರ್ಡುಗಳ ಕೋಣೆಯಲ್ಲಿ ಇಡಬೇಡಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಬಂದ ಜಾಗ, ಎಣಿಕೆ, ಎಸೆದದ್ದೆಷ್ಟು ಎಂಬ ನಾಲ್ಕು ಕಲಂ ಸಾಕು. ಎಸೆದ ಲೆಕ್ಕವನ್ನು ಬರೆಯಲು ಮರೆಯಬೇಡಿ, ಎಲ್ಲಿ ತಪ್ಪಾಗುತ್ತಿದೆ ಎಂದು ಹೇಳುವುದು ಅದೊಂದೇ ಅಂಕಿ.

ಹಂತ 8: ಹತ್ತಿರದಲ್ಲೇ ಬಳಕೆಗೆ ತರುವುದು

ಸೂಚನಾ ಫಲಕ ಎಲ್ಲಕ್ಕಿಂತ ಹೆಚ್ಚು ಬಿರಡೆ ಹಿಡಿಯುವ ಕೆಲಸ, ಕೆಡುವುದೂ ಇದರಲ್ಲೇ ಹೆಚ್ಚು. 60×90 ಸೆಂ.ಮೀ. ಫಲಕಕ್ಕೆ 44 ಮಿ.ಮೀ. ಉದ್ದದ ಬಿರಡೆಗಳನ್ನು ಇಡಿಯಾಗಿ ಮಲಗಿಸಿದರೆ ಸುಮಾರು 510 ಬೇಕು; ಉದ್ದಕ್ಕೆ ಸೀಳಿದರೆ ಅರ್ಧ ಸಾಕು. ಸೀಳುವುದೇ ಸರಿ. ಬಾಟಲಿಯೊಳಗೆ ಸಲೀಸಾಗಿ ಇಳಿಯಲೆಂದು ಬಿರಡೆಯ ಹೊರಮೈಗೆ ಸಿಲಿಕೋನ್ ಅಥವಾ ಪ್ಯಾರಾಫಿನ್ ಸವರಿರುತ್ತಾರೆ. ಆ ಮೈಗೆ ಮರದ ಅಂಟು ಹಿಡಿಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಬಿರಡೆಗಳು ಒಂದೊಂದಾಗಿ ಉದುರುವುದಕ್ಕೆ ಕಾರಣ ಇದು, ಅಂಟಿನ ದೋಷವಲ್ಲ. ಸೀಳಿದ ಒಳಮೈಗೆ ಆ ಲೇಪ ಇರುವುದಿಲ್ಲ.

ಸೀಳುವ ಮುನ್ನ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆ ಕೊಡಿ. ಒಣ ಕಾರ್ಕ್ ಚಾಕುವಿಗೆ ಸಿಕ್ಕಿ ಪುಡಿಯಾಗುತ್ತದೆ. ಹಬೆ ಕಂಡದ್ದು ಗಟ್ಟಿ ಬೆಣ್ಣೆಯಂತೆ ಸೀಳುತ್ತದೆ. ಸುರುಳಿಯ ಕಿಂಡಿಯ ಗುಂಟ ಚಾಕು ಇಳಿಸಿದರೆ ತೂತು ಒಳಮೈಗೆ ಹೋಗಿ ಮರೆಯಾಗುತ್ತದೆ. ಬಿರಡೆಯನ್ನು ಬೆರಳಿನಲ್ಲಿ ಹಿಡಿಯಬೇಡಿ. ಹಲಗೆಯ ತುಂಡಿನಲ್ಲಿ ತೋಡು ಕೊರೆದು ಅದರೊಳಗೆ ಕೂರಿಸಿ. ಹಬೆ ಕೊಟ್ಟ ಹೋಳುಗಳು ಎರಡು ದಿನ ಒಣಗಿದ ಮೇಲೆಯೇ ಅಂಟಿಸಬೇಕು. ಪ್ಲೈವುಡ್ ಮೇಲೆ ಬಿಳಿ ಫೆವಿಕಾಲ್ ತೆಳುವಾಗಿ ಬಳಿದು, ಮಧ್ಯದಿಂದ ಅಂಚಿನ ಕಡೆಗೆ ಜೋಡಿಸುತ್ತ ಹೋಗಿ, ಮೇಲೊಂದು ಹಲಗೆ ಇಟ್ಟು ಭಾರ ಹೇರಿ, 24 ಗಂಟೆ ಮುಟ್ಟದೆ ಬಿಡಿ. ಉದ್ದವನ್ನು ಅಳೆದು ಬೇರೆಬೇರೆ ಮಾಡದೆ ಕಲಬೆರಕೆಯಾಗಿ ಜೋಡಿಸಿದರೆ ನಡುನಡುವೆ ಸಂದುಗಳು ಬರುತ್ತವೆ. ಚಾಪೆಯ ಹೆಣಿಗೆಯಂತೆ ಎರಡು ಅಡ್ಡ, ಎರಡು ಉದ್ದ ಜೋಡಿಸುವ ಆಸೆಯಿದ್ದರೆ 49 ಮಿ.ಮೀ. ಉದ್ದದವನ್ನೇ ಆರಿಸಿ, ಎರಡು ಬಿರಡೆಗಳ ಅಗಲ 48 ಮಿ.ಮೀ. ಆಗುವುದರಿಂದ ಅವು ಮಾತ್ರ ಚೌಕಕ್ಕೆ ಕೂಡುತ್ತವೆ.

ಕುರ್ಚಿಯ ಕಾಲಿನ ಬಿಲ್ಲೆ ಸುಲಭದ ಕೆಲಸ. 5 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಕೊಯ್ದು, ಲೇಪವಿರುವ ಎರಡು ತುದಿಯ ಬಿಲ್ಲೆಗಳನ್ನು ಬಿಟ್ಟು ಉಳಿದವನ್ನು ಮರದ ಕಾಲುಗಳ ಅಡಿಗೆ ಅಂಟಿಸಿ. ನೆಲದ ಮೇಲೆ ಕುರ್ಚಿ ಎಳೆಯುವ ಕರ್ಕಶ ಸದ್ದು ನಿಂತುಹೋಗುವುದನ್ನು ಗ್ರಂಥಾಲಯದವರು ಆ ದಿನವೇ ಗಮನಿಸುತ್ತಾರೆ.

ಬಿಸಿ ಪಾತ್ರೆ ಇಡುವ ಮಣೆಗೆ ಅಖಂಡ ಕಾರ್ಕನ್ನು ಮಾತ್ರ ಬಳಸಿ, ಅಂಟಿನ ಬದಲು ತೂತು ಕೊರೆದು ಹತ್ತಿಯ ಹುರಿಯಿಂದ ಪೋಣಿಸಿ ಬಿಗಿಯಿರಿ. ಗ್ಲೂ ಗನ್ನಿನಿಂದ ಅಂಟಿಸಿದ ಮಣೆಯ ಮೇಲೆ ಕುಕ್ಕರ್ ಇಟ್ಟರೆ ಅಂಟು ಕರಗಿ, ಬಿರಡೆಗಳು ಸರಿದು, ಪಾತ್ರೆ ವಾಲುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಆರ್ಕಿಡ್ ಬೆಳೆಸುವವರಿಗೆ ಅಖಂಡ ಕಾರ್ಕಿನ ಕಲೆಯಿಲ್ಲದ ಭಾಗವನ್ನು ಒಂದು ಸೆಂ.ಮೀ. ತುಂಡು ಮಾಡಿ ಕೊಟ್ಟರೆ ಇದ್ದಿಲಿನ ಜೊತೆ ಬೆರೆಸಿಕೊಳ್ಳುತ್ತಾರೆ. ಸಾಮಾನ್ಯ ಕುಂಡಗಳಿಗೆ ಇದು ಹೊಂದುವುದಿಲ್ಲ, ನೀರು ಹಾಕಿದಾಗಲೆಲ್ಲ ತೇಲಿ ಮೇಲೆ ಬರುತ್ತದೆ. ಕಾಂಪೋಸ್ಟ್ ಗುಂಡಿಗೆ ಹಾಕುವ ಸಲಹೆಯನ್ನೂ ಒಪ್ಪಲಾರೆ. ಕಾರ್ಕಿನಲ್ಲಿರುವ ಸೂಬೆರಿನ್ ಎಂಬ ಮೇಣದಂಥ ವಸ್ತು ಕೊಳೆಯುವುದನ್ನು ತಡೆಯುತ್ತದೆ. ತರಕಾರಿ ಸಿಪ್ಪೆಯೆಲ್ಲ ಗೊಬ್ಬರವಾದ ಮೇಲೂ ಜರಡಿಯ ಮೇಲೆ ಬಿರಡೆ ಇದ್ದಂತೆಯೇ ಉಳಿದಿರುತ್ತದೆ. ಮನೆಯ ಮಿಕ್ಸಿಯಲ್ಲಿ ಪುಡಿಮಾಡಲು ಹೋಗಬೇಡಿ. ಕಾರ್ಕ್ ಪುಟಿದು ಬ್ಲೇಡಿಗೆ ಸಿಗುವುದಿಲ್ಲ, ಮೋಟಾರು ಕಾಯುತ್ತದೆ, ಏಳುವ ಸಣ್ಣ ಧೂಳು ಎದೆಗೂ ಒಳ್ಳೆಯದಲ್ಲ, ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು.

ಹಂತ 9: ಉಳಿದದ್ದನ್ನು ಸಾಗಿಸುವುದು

ಕಾರ್ಕ್ ಹಗುರ, ಆದರೆ ಜಾಗ ತಿನ್ನುತ್ತದೆ. 30 ಸೆಂ.ಮೀ. ಘನದ ಪೆಟ್ಟಿಗೆಯಲ್ಲಿ 700ರಿಂದ 800 ಬಿರಡೆ ಹಿಡಿಸುತ್ತವೆ, ತೂಕ 3 ಕೆ.ಜಿ. ಆಸುಪಾಸು. ಕೊರಿಯರ್‌ನವರು ಹಲವರು ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ಗಳಲ್ಲಿ ಗುಣಿಸಿ 5,000ದಿಂದ ಭಾಗಿಸಿ ತೂಕ ಕಟ್ಟುತ್ತಾರೆ. ಆ ಲೆಕ್ಕಕ್ಕೆ ಇದೇ ಪೆಟ್ಟಿಗೆ 5.4 ಕೆ.ಜಿ. ಆಗುತ್ತದೆ. ಬಿರಡೆಗೆಂದೇ ಆಟೋ ಹಿಡಿದು ಹೋಗುವುದೂ ವ್ಯರ್ಥ. ಆ ಕಡೆಗೆ ಹೇಗೂ ಹೋಗುವ ನಿವಾಸಿಗಳ ಪಟ್ಟಿ ಮಾಡಿಟ್ಟುಕೊಂಡು ಅವರ ಕಾರಿನಲ್ಲಿ ಒಂದೊಂದು ಚೀಲ ಕಳಿಸಿ. ಪಡೆಯುವವರು ಕೇಳಿದ ಕನಿಷ್ಠ ಪ್ರಮಾಣ ತುಂಬಲು ಎರಡು ವರ್ಷ ಬೇಕೆಂದು ನೋಟ್‌ಬುಕ್ ಹೇಳಿದರೆ, ಪಕ್ಕದ ಎರಡು ಬಡಾವಣೆಗಳನ್ನು ಸೇರಿಸಿಕೊಳ್ಳಿ ಇಲ್ಲವೆ 8ನೆಯ ಹಂತದ ಕೆಲಸಗಳಿಗಷ್ಟೇ ಸಂಗ್ರಹವನ್ನು ಸೀಮಿತಗೊಳಿಸಿ.

ನಿಲ್ಲಿಸಬೇಕಾದ ಸೂಚನೆಗಳು

ಸತತ ಎರಡು ತಿಂಗಳು ಎಸೆದ ಬಿರಡೆಗಳು ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ ಪೆಟ್ಟಿಗೆಯನ್ನು ತೆಗೆದು 2ನೆಯ ಹಂತಕ್ಕೆ ಮರಳಿ. ಒಣಗಿದ ಚೀಲ ಆರು ತಿಂಗಳಿಂದ ತೂಗುತ್ತಲೇ ಇದ್ದರೆ ಹೊಸದನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಪಡೆಯುವವರನ್ನು ಮತ್ತೆ ಕೇಳಿ. ವಿಂಗಡಿಸುವ ಕೆಲಸ ನಿಮಗೆ ಅರಿವಿಲ್ಲದೆ ಪೌರಕಾರ್ಮಿಕರ ಮೇಲೆ ಬಿದ್ದಿದ್ದರೆ ಅಂದೇ ನಿಲ್ಲಿಸಬೇಕು. ಅವರ ದಿನದ ಕೆಲಸಕ್ಕೆ ಸಂಬಳವಿಲ್ಲದ ಇನ್ನೊಂದು ಕೆಲಸ ಸೇರಿಸುವ ಹಕ್ಕು ನಮಗಿಲ್ಲ. ಪೆಟ್ಟಿಗೆ ತೆಗೆದ ದಿನ ಅದೇ ಜಾಗದಲ್ಲಿ, ಯಾವ ದಿನಾಂಕದಿಂದ ಮತ್ತೆ ಇಡಲಾಗುತ್ತದೆ, ಅಲ್ಲಿಯವರೆಗೆ ಬಿರಡೆಗಳನ್ನು ಮನೆಯಲ್ಲಿ ಹೇಗೆ ಒಣಗಿಸಿಡಬೇಕು ಎಂದು ಬರೆದ ಚೀಟಿಯನ್ನು ಅಂಟಿಸಿ.